ಡ್ರೈವರ್ ಮೈಮೇಲೆ ನನ್ನ ಕೋಟು

ರಾಮನಗರ, 1983

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ, ಮೊದ್ಲು ನನ್ನ ಸಿಟ್ಟು ಕೇಳು. ನಮ್ಮ ರೇಷ್ಮೆ ಲ್ಯಾಬಿಗೆ ವಿಜ್ಞಾನದ ಪತ್ರಿಕೆಯೋರು ಬಂದಿದ್ರು. ಹುಳದ ಗಂಟುರೋಗ ಪತ್ತೆ ಮಾಡೋ ವಿಜ್ಞಾನಿ ನಾನೇ ಅಂದ್ರೂ ಫೋಟೋದೋನು ಕೇಳ್ಲಿಲ್ಲ. ನನ್ನ ಬಿಳಿ ಕೋಟು ಬಿಚ್ಚಿಸಿ, ಆಚೆ ಜೀಪು ಒರೆಸ್ತಿದ್ದ ಡ್ರೈವರ್ ಬೋರಲಿಂಗಯ್ಯಂಗೆ ತೊಡಿಸಿ, ಮೈಕ್ರೋಸ್ಕೋಪ್ ಮುಂದೆ ಕೂರಿಸ್ದ. ನಂಗೆ ಮಲ್ಲಿಗೆ ಮುಡ್ಕೊಂಡು ಹುಳದ ತಟ್ಟೆ ಹಿಡ್ಕೊಂಡು ನಗಿ ಅಂದ! ಹುಳ ಸಾಕೋ ಮನೆಗೆ ಹೂವಿನ ವಾಸ್ನೆ ಆಗಲ್ಲ ಅಂತ ನಮ್ಮ ಉಯ್ಯಂಬಳ್ಳಿ ಮಕ್ಕಳಿಗೂ ಗೊತ್ತು. ಹೂವ ಬೀದಿಗೆ ಎಸೆದೆ. "ಹೋಗ್ಲಿ ಬಿಡಮ್ಮ, ಒಂದು ಫೋಟೋ ತಾನೆ" ಅಂದ್ರು ನಮ್ಮ ಸಾಹೇಬ್ರು.

ಈಗ ಪತ್ರಿಕೆ ಬಂದೈತೆ. ಡ್ರೈವರ್ ಕೆಳಗೆ 'ರೋಗ ಪತ್ತೆ ಹಚ್ಚುವ ವಿಜ್ಞಾನಿ' ಅಂತ, ನನ್ನ ಕೆಳಗೆ 'ರೇಷ್ಮೆಯಂಥ ಚೆಲುವೆ' ಅಂತ. ಪಾಪ, ಬೋರಲಿಂಗಯ್ಯ ನಾಚ್ಕೆಗೆ ತಲೆ ಎತ್ತಲ್ಲ.

ಹೋದ ವಾರ ಬಂದಿದ್ದ ನನ್ನ ಜ್ವರ ಇಳೀತು ಅಂತ ಅವ್ವಂಗೆ ಹೇಳು. ಸಿಟ್ಟು ಇಳಿದಿಲ್ಲ.

ನಿನ್ನೆ ಕೂಟಗಲ್ ಕಡೆಯೋರೊಬ್ರು ಸಾಯ್ತಿರೋ ಹುಳದ ಜೊತೆ ಆ ಪತ್ರಿಕೇನೂ ತಂದಿದ್ರು. ನಾನು ಅದೇ ಕೋಟು ತೊಟ್ಟು ಮೈಕ್ರೋಸ್ಕೋಪ್ ಮುಂದೇ ಕೂತಿದ್ದೆ. ನನ್ನ ದಾಟ್ಕೊಂಡು ಹೋಗಿ ಡ್ರೈವರ್‌ಗೆ ಕೈ ಮುಗಿದ್ರು. ನಂಗೆ ಅಂದಿದ್ದು ಒಂದೇ ಮಾತು: "ಒಸಿ ನೀರು ಕೊಡವ್ವ."

ನಿನ್ನ ತಂಗಿ
ಮುನಿತಾಯಿ