ದೋಣಿಯ ಹಿಂಭಾಗಕ್ಕೆ ನೆಲವಿಲ್ಲ

ಫೆಬ್ರವರಿ ೬

ದೋಣಿ ತೊಳೆದು ಒಣಗಲು ಬಿಟ್ಟೆ. ಈ ಮನೆಗೆ ಹಿರಿಯಳು ನಾನು. ಯಜಮಾನರು ಹೋದ ಮೇಲೆ ಎಂಜಿನ್ನಿನ ಹಿಡಿ ನನ್ನ ಕೈಯಲ್ಲೇ, ಮಗನಿಗೆ ಕಲಿಸಿದ್ದು ಬಿಟ್ಟರೆ ಬೇರೆಯವರು ಮುಟ್ಟಿದ್ದಿಲ್ಲ.

ಮಗ ಶೆಡ್ಡಿನಲ್ಲಿ ಕಾರ್ಡ್‌ಬೋರ್ಡ್ ಕತ್ತರಿಸುತ್ತಿದ್ದ. ದೋಣಿಗೆ ನೆಲ ಹಾಕುತ್ತಾನಂತೆ.

"ಈಗ್ಯಾಕೋ?"

"ಅತ್ತೆ ಬರ್ತಿದಾರಲ್ಲಮ್ಮ. ತಳದ ತುಂಬ ಅಲ್ಯುಮಿನಿಯಂ ಪಟ್ಟಿ. ಕಾಲು ಜಾರಿದ್ರೆ?"

ಇಷ್ಟು ವರ್ಷ ಅದೇ ಪಟ್ಟಿಗಳ ಮೇಲೆ ನಿಂತ ನನ್ನದು ಕಾಲಲ್ಲ. ಬೀಗಿತ್ತಿಯದು ಮಾತ್ರ ಕಾಲು.

ಫೆಬ್ರವರಿ ೮

ಕಾರ್ಡ್‌ಬೋರ್ಡ್ ಅಚ್ಚಿಟ್ಟು ಗೆರೆ ಎಳೆದು ಪ್ಲೈವುಡ್ ಕೊಯ್ದ. ಅಂಚಿಗೆಲ್ಲ ವಾರ್ನಿಶ್. ದೋಣಿಗೆ ಒಂದೂ ತೂತು ಕೊರೆಯಲಿಲ್ಲ — ಎರಡು ತುಂಡು, ಪಟ್ಟಿಗಳ ಮೇಲೆ ಹಾಗೇ ಕೂರುತ್ತವೆ, ಬೇಕೆಂದಾಗ ಎತ್ತಿ ತೊಳೆಯಬಹುದು. ಕೆಲಸ ಚೊಕ್ಕ.

ಒಂದು ಮುಂಭಾಗಕ್ಕೆ, ಒಂದು ನಡುವಿಗೆ. ನಾನು ಕೂರುವ ಹಿಂಭಾಗಕ್ಕೆ?

"ಅಲ್ಲಿ ಬೇಡಮ್ಮ. ನೀರು ಅಲ್ಲೇ ಸೇರೋದು, ಮೊಗೆಯೋಕೆ ಜಾಗ ಬೇಕು. ನೀನೇ ಹೇಳಿಕೊಟ್ಟಿದ್ದು."

ನಿಜ, ನಾನೇ.

ಮೇಲೆ ಹಸಿರು ಕಾರ್ಪೆಟ್ ಅಂಟಿಸಿದ. ಬಣ್ಣ ಯಾವುದಿರಲಿ ಎಂದು ಫೋನಿನಲ್ಲಿ ಬೀಗಿತ್ತಿಯನ್ನು ಕೇಳಿದನಂತೆ...

ಫೆಬ್ರವರಿ ೧೫

ಬೀಗಿತ್ತಿ ಬಂದ ಮೇಲೆ ದಿನಾ ದೋಣಿ. ಚಪ್ಪಲಿ ಕಳಚಿ ಹತ್ತುತ್ತಾಳೆ, ಜಮಖಾನ ತುಳಿದ ಹಾಗೆ.

"ಎಷ್ಟು ಮೆತ್ತಗಿದೆ ಅಕ್ಕಾ! ನಮ್ಮ ಅಳಿಯಂದ್ರ ಕೈ ಕೈಯಲ್ಲ, ಚಿನ್ನ."

"ಹೆತ್ತವಳು ಇಲ್ಲೇ ಕೂತಿದೀನಿ. ಗೊತ್ತು ನಂಗೆ."

ಅವಳ ಕಾಲು ಕಾರ್ಪೆಟ್ಟಿನ ಮೇಲೆ, ನನ್ನದು ಪಾದ ಮುಳುಗುವ ನೀರಿನಲ್ಲಿ. ಮಗ ಇತ್ತ ತಿರುಗಲಿಲ್ಲ. "ಅತ್ತೆ, ಬಿಸಿಲು ಹೊಡೀತಿದೆಯಾ?" ಕೇಳಿದ್ದೇ ಕೇಳಿದ್ದು.

ಫೆಬ್ರವರಿ ೧೬, ಊಟಕ್ಕೆ ಮುಂಚೆ

ಬೆಳಿಗ್ಗೆ ದಡದಲ್ಲೇ ಹೇಳಿಬಿಟ್ಟೆ. "ಇನ್ಮೇಲೆ ಮುಂದೆ ಕೂರೋ ಹಲಗೆ ನಂದು."

ಮಗ ಕಕ್ಕಾಬಿಕ್ಕಿ. "ಮತ್ತೆ ಎಂಜಿನ್? ನಾನು ಬಲೆ ಬಿಡಬೇಕಲ್ಲಮ್ಮ."

"ನಿಮ್ಮತ್ತೆ ಹಿಡೀಲಿ."

ಆ ನೀರಿಗೆ ಕಾಲಿಡಲು ಒಲ್ಲೆ ಎನ್ನುತ್ತಾಳೆ, ಅಂದುಕೊಂಡಿದ್ದೆ. "ಹೌದಾ ಅಕ್ಕಾ? ನಂಗೆ ಕೊಡ್ತೀರಾ?" ಎಂದು ಸೆರಗು ಸಿಕ್ಕಿಸಿ ನೀರಿನಲ್ಲೇ ಕೂತಳು. ಮಗ ಪಕ್ಕದಲ್ಲಿ ಕೂತು ಹಿಡಿ ತಿರುಗಿಸುವುದು ಹೇಳಿಕೊಟ್ಟ. ಹಿಂದೆ ಹೀಗೇ ನಾನು ಅವನಿಗೆ...

ಆಡಿದ ಮಾತು ಹಿಂದೆಗೆಯುವವಳಲ್ಲ ನಾನು. ಮುಂದೆ ಹೋಗಿ ಕೂತೆ, ಅವರಿಗೆ ಬೆನ್ನು ಮಾಡಿ. ಕಾರ್ಪೆಟ್ ನಿಜಕ್ಕೂ ಮೆತ್ತಗಿದೆ. ಬೆನ್ನ ಹಿಂದೆ ಇಬ್ಬರ ನಗು. ದೋಣಿ ಬಂಡೆಯತ್ತ ವಾಲಿತು. ಎಡಕ್ಕೆ ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಎಡಕ್ಕೆ ತಿರುಗಿಸಿಬಿಟ್ಟಳು; ದೋಣಿ ಬಂಡೆ ದಾಟಿತು.