ತಮಟೆಯ ಹಿಂದಿನ ನೀರು

ಭಾನುವಾರ, ಮಾರ್ಚ್ ೧೬

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ನಾನೂ ನಿನ್ನ ಅಮ್ಮನೂ ಚೆನ್ನಾಗಿದ್ದೇವೆ. ನೀನು, ಅಳಿಯಂದಿರು, ಮಗು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಆಮೇಲೆ ನೀನು ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ನಾನು ಅದನ್ನು ಅಮ್ಮನ ಕೈಗೆ ದಾಟಿಸಿಬಿಟ್ಟೆ. ಅಪ್ಪ ಮುಖ ಊದಿಸಿಕೊಂಡಿದ್ದಾರಾ ಎಂದು ಕೇಳಿದೆಯಂತೆ. ಹಾಗೇನೂ ಇಲ್ಲ. ಕಿವಿ ಕೆಟ್ಟಿತ್ತು. ಹೇಳಿಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೇ.

ಡಿಸೆಂಬರಿನಲ್ಲಿ ಒಂದು ನೆಗಡಿ ಬಂದಿತ್ತು. ಮೂಗು ಹತ್ತು ದಿನಕ್ಕೆ ಸರಿಹೋಯಿತು, ಕಿವಿ ಸರಿಹೋಗಲಿಲ್ಲ. ನೋವಿಲ್ಲ, ಸೋರುವುದಿಲ್ಲ. ತಲೆಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಕೂತ ಹಾಗೆ. ನನ್ನ ಮಾತು ನನಗೇ ಕೊಡದೊಳಗಿಂದ ಬಂದಂತೆ ಕೇಳುತ್ತಿತ್ತು, ಉಳಿದವರ ಮಾತು ಪಕ್ಕದ ಮನೆಯಿಂದ ಬಂದಂತೆ. ಎಡಗಿವಿ ಹೆಚ್ಚು, ಬಲಗಿವಿ ಸ್ವಲ್ಪ ಕಡಿಮೆ. ಅಮ್ಮ ಎರಡು ವಾರ ಬೆಚ್ಚಗಿನ ಎಣ್ಣೆ ಬಿಟ್ಟಳು. ದಿಂಬಿನ ಮೇಲೆ ಕಲೆಯಾಯಿತು, ಬೇರೇನೂ ಆಗಲಿಲ್ಲ.

ಪಂಪ್‌ಹೌಸಿನಲ್ಲಿ ನಾನು ಯಾರಿಗೂ ಹೇಳಲಿಲ್ಲ. ಮೂವತ್ತೊಂದು ವರ್ಷದಿಂದ ಊರಿಗೆ ನೀರು ಎತ್ತುವ ಐದು ಪಂಪುಗಳ ಫಿಟರ್ ನಾನು. ಬೇರಿಂಗ್ ಸವೆದಿದೆಯೋ ಇಲ್ಲವೋ ಎಂದು ಕೇಳಿಯೇ ಹೇಳುತ್ತೇನೆ. ಅದೇ ನನ್ನ ಹೆಚ್ಚುಗಾರಿಕೆ. ಕಿವಿ ಹೋಯಿತೆಂದು ಗೊತ್ತಾದರೆ ನಿವೃತ್ತಿಗೆ ಉಳಿದ ಒಂದು ವರ್ಷ ಸ್ಟೋರಿನಲ್ಲಿ ನಟ್ಟು ಬೋಲ್ಟು ಕಾಯಲು ಕೂರಿಸುತ್ತಾರೆ. ವಿಚಿತ್ರವೆಂದರೆ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಎಡಗಿವಿಯ ಹಿಂದಿನ ಮೂಳೆಗೆ ಆನಿಸಿದರೆ ಶಬ್ದ ಮೊದಲಿಗಿಂತ ಜೋರಾಗಿಯೇ ಕೇಳುತ್ತಿತ್ತು. ಯಂತ್ರದ ಸದ್ದು ಕೇಳುತ್ತದೆ, ಮನುಷ್ಯರ ಮಾತು ಕೇಳುವುದಿಲ್ಲ. ನಡೆಯುತ್ತದೆ ಬಿಡು ಎಂದುಕೊಂಡೆ.

ಜನವರಿ ಮೂರನೇ ವಾರ ಎರಡನೇ ಪಂಪನ್ನು ನಿಲ್ಲಿಸಿ ಬಿಚ್ಚಿ ಕಟ್ಟಿದೆವು. ಆಪರೇಟರ್ ಉದ್ದಣ್ಣ ನಿನಗೆ ಗೊತ್ತಲ್ಲ, ಬಾಗಿಲಲ್ಲಿ ಬಗ್ಗಿ ಬರುವವನು. ಅವನು ಶಾಫ್ಟಿನ ಹತ್ತಿರ ಕೂತು ಕೈಯಿಂದ ತಿರುಗಿಸಿ ನೋಡುತ್ತಿದ್ದ. ನಾನು ಸ್ವಿಚ್ಚಿನ ಹತ್ತಿರ ಅವನಿಗೆ ಬೆನ್ನು ಹಾಕಿ ನಿಂತಿದ್ದೆ. "ಒತ್ತಲಾ?" ಎಂದೆ. ಅವನು ಏನೋ ಅಂದ. ನನಗೆ ಕೇಳಿದ್ದು ಒಂದು ಗೊಣಗು ಮಾತ್ರ. ಇನ್ನೊಮ್ಮೆ ಕೇಳಿದರೆ ಗುಟ್ಟು ಬಯಲಾಗುತ್ತದೆ. ಹೂಂ ಅಂದಿರಬೇಕು ಎಂದು ಒತ್ತಿಬಿಟ್ಟೆ.

ತಕ್ಷಣ ನಿಲ್ಲಿಸಿದೆ. ಅಷ್ಟರಲ್ಲಿ ಅವನ ಬಲಗೈಯ ಎರಡು ಬೆರಳು ಸಿಕ್ಕಿದ್ದವು. ಒಂದಕ್ಕೆ ಹೊಲಿಗೆ, ಇನ್ನೊಂದರ ಮೂಳೆ ಮುರಿದಿತ್ತು.

ಆ ಹೊತ್ತಿನಲ್ಲೂ ನಾನು ವಾದ ಮಾಡಿದೆ. "ನೀನೇ ಹೂಂ ಅಂದ್ಯಲ್ಲ" ಎಂದೆ.

"ಬೇಡ ಅಂದೆ ಅಣ್ಣ. ಎರಡು ಸಲ ಅಂದೆ" ಎಂದ. ಕೈಯನ್ನು ಬಟ್ಟೆಯಲ್ಲಿ ಸುತ್ತಿಕೊಂಡಿದ್ದ, ದನಿ ಏರಿಸಲಿಲ್ಲ. ಬಾಗಿಲ ಬಳಿ ನೆಲ ಒರೆಸುತ್ತಿದ್ದಾಕೆ, "ನಂಗೂ ಕೇಳಿಸ್ತು, ಬೇಡ ಅಂದ್ರು" ಎಂದಳು.

ನಮ್ಮ ಇಂಜಿನಿಯರಮ್ಮ ವಯಸ್ಸಿನಲ್ಲಿ ನಿನಗಿಂತ ಚಿಕ್ಕವಳು. ನನ್ನನ್ನು ಬೈಯಲಿಲ್ಲ. "ಕಿವಿ ತೋರಿಸ್ಕೊಂಡು ಚೀಟಿ ತನ್ನಿ. ಅಲ್ಲೀವರೆಗೂ ಸ್ವಿಚ್ ಮುಟ್ಟಬೇಡಿ" ಎಂದಳು.

ಕಿವಿಯ ಡಾಕ್ಟರು ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಶಬ್ದ ಮಾಡುವ ಕಬ್ಬಿಣದ ಕವೆಯೊಂದನ್ನು ಬಡಿದು ನನ್ನ ಹಣೆಯ ನಡುವೆ ಇಟ್ಟು, "ಯಾವ ಕಡೆ ಜೋರಾಗಿದೆ?" ಎಂದರು. ಹೆಚ್ಚು ಕೆಟ್ಟ ಎಡಗಿವಿಯಲ್ಲೇ ಜೋರು ಎಂದೆ. "ಹಾಗಾದ್ರೆ ನರ ಚೆನ್ನಾಗಿದೆ. ದಾರೀಲಿ ಏನೋ ಅಡ್ಡ ಇದೆ" ಎಂದರು. ಸ್ಕ್ರೂಡ್ರೈವರಿನ ಗುಟ್ಟು ನನಗೆ ಆಗ ತಿಳಿಯಿತು, ಶಬ್ದ ಆ ಅಡ್ಡವನ್ನು ತಪ್ಪಿಸಿ ಮೂಳೆಯ ಮೂಲಕ ಹೋಗುತ್ತಿತ್ತು.

ಮೂಗಿನ ಹಿಂಭಾಗವನ್ನೂ ಕೊಳವೆ ಹಾಕಿ ನೋಡಿದರು. ದೊಡ್ಡವರಿಗೆ ಹೀಗೆ ವಾರಗಟ್ಟಲೆ ಉಳಿದರೆ ಅಲ್ಲಿ ಗಂಟು ಗಿಂಟು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕಂತೆ. ಇರಲಿಲ್ಲ. ಆಮೇಲೆ ಕಾಗದದ ಮೇಲೆ ಚಿತ್ರ ಬರೆದರು. ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ, ಅಲ್ಲಿಂದ ಮೂಗಿನ ಹಿಂಬದಿಗೆ ಒಂದು ಸಣ್ಣ ನಾಳ. ನಾವು ನುಂಗಿದಾಗ, ಆಕಳಿಸಿದಾಗ ನಾಳ ತೆರೆದು ಗಾಳಿ ಒಳಗೆ ಹೋಗುತ್ತದೆ. ನೆಗಡಿಯಲ್ಲಿ ನಾಳ ಊದಿ ಮುಚ್ಚಿಕೊಂಡರೆ ಗಾಳಿಯಿಲ್ಲದೆ ಕೋಣೆಯಲ್ಲಿ ನೀರು ಕೂಡುತ್ತದೆ, ಬರಬರುತ್ತಾ ಅಂಟು ಲೋಳೆಯಾಗುತ್ತದೆ. ತಮಟೆ ಅಲುಗುವುದಿಲ್ಲ. ಗಾಳಿಕಿಂಡಿ ಮುಚ್ಚಿಹೋದ ಟ್ಯಾಂಕಿನ ಲೆಕ್ಕ. ನನಗೆ ಇದಕ್ಕಿಂತ ಬಿಡಿಸಿ ಹೇಳಬೇಕಿರಲಿಲ್ಲ.

ಎಣ್ಣೆಯ ವಿಷಯ ಹೇಳಿದೆ. "ತಮಟೆಯ ಈ ಕಡೆ ನಿಮ್ಮ ಎಣ್ಣೆ, ಆ ಕಡೆ ಲೋಳೆ. ಒಂದಕ್ಕೊಂದು ಭೇಟಿನೇ ಆಗಲ್ಲ" ಎಂದರು. ಕಿವಿಗೆ ಕಡ್ಡಿ ಹಾಕಬಾರದು, ಸಿಗರೇಟು ಬಿಡಬೇಕು, ಉಪ್ಪುನೀರಿನಲ್ಲಿ ಮೂಗು ತೊಳೆಯಬೇಕು, ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಉಸಿರು ಒತ್ತಬೇಕು, ಜೋರು ಮಾಡಬಾರದು. ಬಹಳಷ್ಟು ಸಲ ಮೂರು ತಿಂಗಳೊಳಗೆ ತಾನಾಗಿಯೇ ಇಳಿಯುತ್ತದೆ. ಇಳಿಯದಿದ್ದರೆ ತಮಟೆಯಲ್ಲಿ ಸಣ್ಣ ಕಿಂಡಿ ಮಾಡಿ ತೆಗೆಯುತ್ತಾರೆ. ನಿನ್ನ ಅಮ್ಮನಿಗೆ ಇದನ್ನೆಲ್ಲ ಹೇಳಿದರೆ, "ಮದ್ವೆಯಾದಾಗಿಂದ ನನ್ನ ಮಾತು ನಿಮ್ಗೆ ಕೇಳಿಸಿದ್ದೇ ಇಲ್ಲ, ಈಗ ಡಾಕ್ಟ್ರು ಒಂದು ಹೆಸರು ಕೊಟ್ಟಿದಾರೆ" ಎಂದಳು.

ಆರು ವಾರ ಸ್ಟೋರಿನಲ್ಲೇ ಕೂತೆ. ಈ ತಿಂಗಳ ಮೊದಲ ಸೋಮವಾರ ನೀರು ಕುಡಿಯುವಾಗ ಎಡಗಿವಿಯಲ್ಲಿ ಚಟ್ ಎಂದಿತು. ಮೊದಲು ಕೇಳಿದ್ದು ಪಕ್ಕದ ಮೇಜಿನವನು ಚಹಾ ಸೊರ್ ಎನ್ನಿಸಿದ್ದು. ಎರಡು ದಿನಕ್ಕೆ ಬಲಗಿವಿಯೂ ತೆರೆದುಕೊಂಡಿತು. ಡಾಕ್ಟರು ನೋಡಿ ಚೀಟಿ ಬರೆದುಕೊಟ್ಟರು.

ಅವತ್ತೇ ಸಂಜೆ ಉದ್ದಣ್ಣನ ಮನೆಗೆ ಹೋದೆ. ತಪ್ಪು ನನ್ನದೇ, ಕಿವಿ ಕೇಳುತ್ತಿಲ್ಲವೆಂದು ಮುಚ್ಚಿಟ್ಟಿದ್ದೆ ಎಂದು ಅವನ ಹೆಂಡತಿಯ ಎದುರಿಗೇ ಹೇಳಿದೆ. ಅವನು, "ಮೊದ್ಲೇ ಅಂದಿದ್ರೆ ನಾನು ಎದ್ದು ಬಂದು ಕೈ ತೋರಿಸ್ತಿದ್ನಲ್ಲ ಅಣ್ಣ" ಎಂದ. ಅವನ ಉಂಗುರದ ಬೆರಳು ಇನ್ನು ಮಡಚುವುದಿಲ್ಲ. ಆಕೆ ನನ್ನನ್ನು ಕೂರಲು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಳಿಯಂದಿರಿಗೆ ನಮಸ್ಕಾರ ತಿಳಿಸು. ಮಗುವಿಗೆ ಮುತ್ತು. ನೀವೆಲ್ಲರೂ ನೂರು ಕಾಲ ಸುಖವಾಗಿರಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಪತ್ರ ಮಡಚಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. "ಇದು ಮಕ್ಕಳಿಗೇ ಜಾಸ್ತಿ. ನೋವಿರಲ್ಲ, ಅವಕ್ಕೆ ಹೇಳೋಕೂ ಬರಲ್ಲ. ಕರೆದ್ರೆ ತಿರುಗಲ್ಲ, ಹಟಮಾರಿ ಅನ್ಕೋತಾರೆ."

ನೀನು ಎರಡನೇ ತರಗತಿಯಲ್ಲಿದ್ದಾಗ ಚಳಿಗಾಲವಿಡೀ ನಿನಗೆ ನೆಗಡಿ. ಪಾಠದ ಮೇಲೆ ಗಮನವಿಲ್ಲವೆಂದು ಟೀಚರು ಹಿಂದಿನ ಬೆಂಚಿಗೆ ಕಳಿಸಿದ್ದರು. ಒಂದು ದಿನ ನೀನು ಜಗುಲಿಯಲ್ಲಿ ಚಿತ್ರ ಬರೆಯುತ್ತಿದ್ದೆ. ಹಿಂದಿನಿಂದ ಮೂರು ಸಲ ಕರೆದೆ, ನೀನು ತಿರುಗಲಿಲ್ಲ. ಬಂದು ಕಿವಿಯ ಮೇಲೆ ಹೊಡೆದೆ. ನೀನು ಅಳಲಿಲ್ಲ, ನನ್ನ ಬಾಯನ್ನೇ ನೋಡುತ್ತಾ ನಿಂತೆ. ಆಮೇಲೆ ನಾನು ಮನೆಗೆ ಬಂದ ಕೂಡಲೇ ನೀನು ಬಂದು ಎದುರಿಗೆ ನಿಂತು ನನ್ನ ಮುಖ ನೋಡುತ್ತಿದ್ದೆ. ಬೇಸಿಗೆಯ ಹೊತ್ತಿಗೆ ಕರೆದರೆ ಓಗೊಡತೊಡಗಿದೆ. ಒಂದು ಏಟಿಗೆ ಮಗಳು ದಾರಿಗೆ ಬಂದಳೆಂದು ನಾನು ಇಪ್ಪತ್ತೈದು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿನ್ನ ಮದುವೆಯ ದಿನ ಬೀಗರ ಮುಂದೆಯೂ ಹೇಳಿದೆ. ನೀನು ಅಲ್ಲೇ ಕೂತಿದ್ದೆ, ನಕ್ಕೆ.

ನಿನಗೆ ಆಗ ಕೇಳಿಸುತ್ತಿರಲಿಲ್ಲ ಅಲ್ಲವೇ? ಇದಕ್ಕೆ ಫೋನಿನಲ್ಲಿ ಬೇಡ, ಕಾಗದದಲ್ಲಿ ಉತ್ತರ ಬರೆ.