ಮೊಣಕಾಲೆತ್ತರದ ಕಿಟಕಿ

ತೆತುವಾನ್
ನವೆಂಬರ್ ೯

ಪ್ರೀತಿಯ ಇಬ್ತಿಸ್ಸಾಮ್,

ನೀನೂ ಮಕ್ಕಳೂ ಸೌಖ್ಯವೆಂದು ನಂಬಿದ್ದೇನೆ. ಒಂದೇ ಊರಿನಲ್ಲಿದ್ದುಕೊಂಡು ಇಷ್ಟು ತಡವಾಗಿ, ಅದೂ ಕಾಗದ ಬರೆಯುತ್ತಿದ್ದೇನೆಂದು ಬೇಸರಿಸಬೇಡ. ಎದುರು ನಿಂತರೆ ನನಗೆ ಮಾತಿಗಿಂತ ಮೊದಲು ಅಳು ಬರುತ್ತದೆ.

ನನ್ನ ಪುಟ್ಟ ನಿಸ್ರೀನ್‌ಗೆ ದವಡೆ ಹಲ್ಲು ಬರುತ್ತಿದೆ. ನಿನ್ನ ಶಿಶುವಿಹಾರದಲ್ಲಿ ಕಲಿತ ಹಾಡನ್ನು ಸೌಟು ಬಡಿಯುತ್ತ ಹಾಡುತ್ತಾಳೆ. ಶಿಶುವಿಹಾರಕ್ಕೆಂದು ಆ ಹಳೇ ಮನೆಯನ್ನು ನಾವಿಬ್ಬರೂ ಅಂಬೆಗಾಲಿಟ್ಟು ಅಳೆದದ್ದು ನೆನಪಿದೆಯಾ? "ಮಗುವಿನ ಕಣ್ಣು ಎಲ್ಲಿರುತ್ತೋ ಅಲ್ಲಿಂದ ಮನೆ ಕಟ್ಬೇಕು ಕಣೇ" ಎಂದವಳು ನೀನು. ನಲ್ಲಿ, ಮೆಟ್ಟಿಲ ಕಂಬಿ, ಬಟ್ಟೆ ತೂಗುಹಾಕುವ ಗೂಟ ಎಲ್ಲವನ್ನೂ ಕೆಳಗಿಳಿಸಿದೆವು. ಓಣಿಯ ಕಡೆ ಮೊಣಕಾಲೆತ್ತರದಲ್ಲಿ ಗಾಜಿನ ಕಿಟಕಿ ಇಡಿಸಿದೆವು. ಬಿಟ್ಟುಹೋಗುವ ತಾಯಿ ಹೊರಗೆ ಓಣಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಮುಖ ತೋರಿಸಿದರೆ ಮಗು ಸಮಾಧಾನವಾಗುತ್ತಿತ್ತು.

ಹೋದ ಸೋಮವಾರ ಬಂದು ನೋಡಿದರೆ ಅಲ್ಲಿ ಹಸಿ ಸುಣ್ಣದ ಗೋಡೆ.

"ಎದುರುಮನೆ ಲಲ್ಲಾ ತಾಮು ಗಲಾಟೆ ಮಾಡಿದ್ರು. ಅವರ ಬಾಗಿಲಿಗೆ ನೇರ ನಮ್ಮ ಕಿಟಕಿ, ಒಳಗಿನ ಹೆಂಗಸರು ಕಾಣ್ತಾರಂತೆ. ನಾನೇನ್ ಮಾಡ್ಲಿ ಹೇಳು" ಎಂದೆ ನೀನು. ನಂಬಿದೆ. ನಮ್ಮ ಓಣಿಯಲ್ಲಿ ಬಾಗಿಲಿಗೆ ಬಾಗಿಲು ಎದುರಾಗದ ಹಾಗೆ ಅಜ್ಜಂದಿರು ಕಟ್ಟಿದ್ದಾರೆ, ಓದಿದ ನಾವು ಮರೆತೆವಲ್ಲ ಎಂದು ನಾಚಿಕೆಯೂ ಆಯಿತು.

ಕ್ಷಮೆ ಕೇಳೋಣವೆಂದು ನಿನ್ನೆ ಒಂದು ತಟ್ಟೆ ಬಾದಾಮಿ ಮಿಠಾಯಿ ಹಿಡಿದು ಅವರ ಬಾಗಿಲು ತಟ್ಟಿದೆ. ಲಲ್ಲಾ ತಾಮು ನಕ್ಕುಬಿಟ್ಟರು.

"ನಾನ್ಯಾಕಮ್ಮ ದೂರ್ಲಿ? ಬಾಗಿಲಿಗೆ ಪರದೆ ಇದೆ. ಆ ಪುಟಾಣಿಗಳು ಗಾಜಿಗೆ ಮೂಗು ಒತ್ತಿ ನೋಡ್ತಿದ್ವು, ನಾನು ನಾಲಿಗೆ ಚಾಚ್ತಿದ್ದೆ. ಈಗ ಯಾರಿಗೆ ಚಾಚ್ಲಿ, ನಮ್ಮನೆ ಮುದುಕನಿಗಾ?"

ಕಿಟಕಿ ಬೇಡವೆನಿಸಿದ್ದರೆ ನನಗೇ ಹೇಳಬಹುದಿತ್ತು. ಆ ಮುದುಕಿಯ ತಲೆಗೆ ಯಾಕೆ ಕಟ್ಟಿದೆ? ನಿಸ್ರೀನ್ ಈಗಲೂ ಹೋಗಿ ಆ ಗೋಡೆಯ ಮುಂದೆ ನಿಲ್ಲುತ್ತಾಳಂತೆ. ನಾಳೆಯಿಂದ ಅವಳನ್ನು ಕಳಿಸುವುದಿಲ್ಲ.

ನಿನ್ನ ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ. ಆ ಕೋಣೆಗೆ ಬೆಳಕು ಸಾಲದು, ಇನ್ನೊಂದು ದೀಪ ಹಾಕಿಸು.

ಗಿಜ್ಲಾನ್

ಇನ್ನೊಂದು ಮಾತು: ಹೊರಡುವಾಗ ಲಲ್ಲಾ ತಾಮು ನನ್ನ ಕೈ ಹಿಡಿದು ಕೇಳಿದರು. "ಮುಸುಕು ಹಾಕ್ಕೊಂಡು, ಈ ಕಡೆ ಬೆನ್ನು ಮಾಡಿ, ದಿನವಿಡೀ ಕಿಟಕಿ ಹತ್ರ ಕೂತಿರ್ತಿದ್ಲಲ್ಲ ಒಬ್ಬ ತಾಯಿ, ಈಗ ಹೇಗಿದಾಳಮ್ಮ? ಪಾಪ, ಮಗು ಉಸಿರಾಡ್ತಿದೆಯಾ ಅಂತ ರಾತ್ರಿಯೆಲ್ಲ ಮೂಗಿನ ಹತ್ರ ಬೆರಳಿಟ್ಟು ನೋಡ್ತಾಳಂತೆ. ಅವಳಿಂದಾನೇ ಮುಚ್ಚಿಸ್ಬೇಕಾಯ್ತು ಅಂದ್ಲು ಇಬ್ತಿಸ್ಸಾಮ್."

ಆ ಬೆರಳಿನ ವಿಷಯ ನನ್ನ ಗಂಡನಿಗೂ ಗೊತ್ತಿಲ್ಲ. ನಿನಗೊಬ್ಬಳಿಗೇ ಹೇಳಿದ್ದೆ.